ಪಟ್ಟಿಯಿಲ್ಲದ ಸಂಘ

ನಾನು ಪಾಠ ಹೇಳುವ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿ ಸಂಘ ಶುರು ಮಾಡಬೇಕಾದರೆ ಒಂದು ಫಾರಂ ತುಂಬಬೇಕು. ಮೇಲೆ ಸಂಘದ ಹೆಸರು, ಉದ್ದೇಶ. ಕೆಳಗೆ ಹತ್ತು ಗೆರೆ. ಗೆರೆಗೊಬ್ಬರಂತೆ ಹೆಸರು, ತರಗತಿ, ರಿಜಿಸ್ಟರ್ ನಂಬರು, ಸಹಿ. ಕ್ವಿಜ್‌ನವರು, ಚಾರಣದವರು, ಯಕ್ಷಗಾನದ ಹುಚ್ಚು ಹತ್ತಿಸಿಕೊಂಡವರು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಅದನ್ನು ತುಂಬಿ ತಂದುಕೊಡುತ್ತಾರೆ. ಒಂದು ಮಧ್ಯಾಹ್ನ, ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಆ ಫಾರಂ ಕೇಳಿದ. ಯಾವ ಸಂಘವಪ್ಪಾ ಅಂದೆ. ಒಳಗೆ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ಸರ್, ಪಟ್ಟಿ ಕೊಡ್ದೆ ಸಂಘ ಮಾಡಕ್ಕಾಗಲ್ವಾ?’ ಅಂದ.

ಆಮೇಲೆ ತಡೆತಡೆದು ಹೇಳಿದ. ಹುಡುಗರನ್ನು ಇಷ್ಟಪಡುವ ಹುಡುಗರು, ಹುಡುಗಿಯರನ್ನು ಇಷ್ಟಪಡುವ ಹುಡುಗಿಯರು, ತಾನು ಗಂಡೋ ಹೆಣ್ಣೋ ಎಂಬ ವಿಷಯದಲ್ಲಿ ಮನೆಯವರ ಮಾತನ್ನು ಒಪ್ಪಲಾಗದವರು. ‘ಏನಿಲ್ಲ ಸರ್, ಒಬ್ರಿಗೊಬ್ರು ಮಾತಾಡಕ್ಕೆ ಅಷ್ಟೆ.’ ಫಾರಂ ಕೊಟ್ಟೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡು ಹೋದ. ಪ್ರಶ್ನೆ ಮಾತ್ರ ನನ್ನ ಮೇಜಿನ ಮೇಲೇ ಉಳಿಯಿತು. ಅದು ಹೊಸ ಪ್ರಶ್ನೆಯೇನಲ್ಲ ಅಂತ ಗೊತ್ತಾಗಲು ನನಗೆ ಕೆಲವು ವಾರಗಳ ಓದು ಬೇಕಾಯಿತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 1965ರಲ್ಲಿ ರಾಬರ್ಟ್ ಮಾರ್ಟಿನ್ ಎಂಬ ಹುಡುಗ ಸೇರಿದ. ತಾನು ಸಲಿಂಗಿ ಎಂದು ಹಾಸ್ಟೆಲಿನ ಜೊತೆಗಾರರಿಗೆ ಹೇಳಿದ್ದಕ್ಕೆ ಅವರಿಗೆ ಕಸಿವಿಸಿಯಾಗಿ, ಅವನು ಕೋಣೆ ಬದಲಾಯಿಸಬೇಕಾಯಿತು. ಮರುವರ್ಷ ತನ್ನಂಥವರದೊಂದು ಸಂಘ ಕಟ್ಟಲು ಹೊರಟ. ‘ಸ್ಟೂಡೆಂಟ್ ಹೋಮೋಫೈಲ್ ಲೀಗ್’ ಎಂದು ಹೆಸರಿಟ್ಟ. ವಿಶ್ವವಿದ್ಯಾಲಯ ಮಾನ್ಯತೆ ಕೊಡಲು ಸದಸ್ಯರ ಪಟ್ಟಿ ಕೇಳಿತು. ಸೇರಲು ಮನಸ್ಸಿದ್ದವರು ಯಾರೂ ಹೆಸರು ಕೊಡಲು ತಯಾರಿರಲಿಲ್ಲ. ಆಗಿನ ನ್ಯೂಯಾರ್ಕ್ ರಾಜ್ಯದಲ್ಲಿ ಸಲಿಂಗ ಸಂಬಂಧ ಅಪರಾಧ. ಆ ಪಟ್ಟಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಓದೂ ಹೋಯಿತು, ನೌಕರಿಯೂ ಹೋಯಿತು. ತಿಂಗಳುಗಟ್ಟಲೆ ಹಗ್ಗಜಗ್ಗಾಟ. ಕೊನೆಗೆ ಮಾರ್ಟಿನ್ ಒಂದು ಉಪಾಯ ಕಂಡುಕೊಂಡ. ಕ್ಯಾಂಪಸ್ಸಿನಲ್ಲಿ ಹೆಸರು ಮಾಡಿದ್ದ ವಿದ್ಯಾರ್ಥಿ ಮುಖಂಡರ ಹತ್ತಿರ ಹೋಗಿ, ನೀವು ಬರೀ ಹೆಸರಿಗೆ ಸದಸ್ಯರಾಗಿ ಅಂದ. ಹೆಸರಿದ್ದವರು ಹೆಸರಿಗೆ ಸದಸ್ಯರಾದರು, ಸದಸ್ಯರಾಗಬೇಕಿದ್ದವರ ಹೆಸರು ಎಲ್ಲೂ ಬರಲಿಲ್ಲ. ನಿಯಮವೂ ಮುರಿಯಲಿಲ್ಲ. 1967ರ ಏಪ್ರಿಲ್ 19ರಂದು ಮಾನ್ಯತೆ ಸಿಕ್ಕಿತು. ಮೇ 3ರಂದು ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಸುದ್ದಿ ಬಂತು. ಜಗತ್ತೆಲ್ಲ ಓದಿದ ಆ ಸಂಘದಲ್ಲಿ ಇದ್ದವರು ಹೆಚ್ಚೆಂದರೆ 12 ಮಂದಿ. ಇನ್ನೂ ಒಂದು ಸ್ವಾರಸ್ಯವಿದೆ: ಇತಿಹಾಸ ಆ ಹುಡುಗನನ್ನು ನೆನಪಿಟ್ಟುಕೊಂಡಿರುವುದು ಸ್ಟೀಫನ್ ಡೊನಾಲ್ಡ್‌ಸನ್ ಎಂದು, ಅಂದರೆ ಅವನು ಇಟ್ಟುಕೊಂಡ ಮರೆಹೆಸರಿನಿಂದ.

ಇದನ್ನು ಓದಿದಾಗ ನನಗೆ ನಮ್ಮ ಊರಿನ ಸಂಘಗಳು ನೆನಪಾದವು. ಶಿವಮೊಗ್ಗ ಜಿಲ್ಲೆಗೆ ಸಂಘ ಕಟ್ಟುವುದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಈ ನೆಲದಲ್ಲಿ. ದಲಿತ ಸಂಘರ್ಷ ಸಮಿತಿಯ ಬೇರು ಭದ್ರಾವತಿಯಲ್ಲಿದೆ. ಅದನ್ನು ಕಟ್ಟಿದ ಬಿ. ಕೃಷ್ಣಪ್ಪ ಅಲ್ಲಿನ ಕಾಲೇಜಿನಲ್ಲಿ ಕನ್ನಡ ಮೇಷ್ಟರು. ರೈತ ಸಂಘದ ಮೊದಲ ಹೆಜ್ಜೆಗಳಲ್ಲೂ ಕಡಿದಾಳು ಶಾಮಣ್ಣ, ಎನ್.ಡಿ. ಸುಂದರೇಶ್ ಅವರಂಥ ಈ ಜಿಲ್ಲೆಯವರಿದ್ದರು. ಆ ಸಂಘಗಳ ದಾರಿ ಒಂದೇ: ಕರಪತ್ರ ಅಚ್ಚು ಹಾಕಿಸು, ಹೆಗಲ ಮೇಲೆ ಟವೆಲ್ ಹಾಕು, ಬೀದಿಯಲ್ಲಿ ನಿಂತು ‘ನಾನು ಇಂಥವನು’ ಎಂದು ಕೂಗಿ ಹೇಳು. ಆ ಕೂಗಿಗೆ ಅವರು ಏಟು ತಿಂದಿದ್ದಾರೆ, ಜೈಲಿಗೂ ಹೋಗಿದ್ದಾರೆ. ಆದರೆ ಮೊದಲ ಸಭೆಗೆ ಯಾರನ್ನು ಕರೆಯಬೇಕೆಂಬುದು ಅವರಿಗೆ ಗೊತ್ತಿತ್ತು. ಕೇರಿ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತು, ಗದ್ದೆ ಎಲ್ಲಿದೆ ಎಂದೂ ಗೊತ್ತು. ಈ ಹುಡುಗನ ಕೇರಿ ಎಲ್ಲಿದೆ? ಅವನಂಥ ಇನ್ನೊಬ್ಬ ಅದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಇಬ್ಬರಿಗೂ ತಿಳಿಯುವುದಿಲ್ಲ. ಹೀಗಾಗಿ ಇಂಥ ಸಂಘ ಕಟ್ಟುವವನು ಮೊದಲು ಕಂಡುಹಿಡಿಯಬೇಕಾದ್ದು ಒಂದು ವಿಚಿತ್ರ ಉಪಕರಣವನ್ನು: ಹೊರಗಿನವರಿಗೆ ಕಾಣಬಾರದು, ಬೇಕಾದವರಿಗೆ ಕಾಣಬೇಕು.

ಅಂಥದೊಂದು ಕಂಪ್ಯೂಟರಿನಲ್ಲಿ ಹುಟ್ಟಿದ್ದು 1983ರ ಅಕ್ಟೋಬರಿನಲ್ಲಿ. ವಿಶ್ವವಿದ್ಯಾಲಯಗಳನ್ನು, ಪ್ರಯೋಗಾಲಯಗಳನ್ನು ಬೆಸೆದಿದ್ದ ಯೂಸ್‌ನೆಟ್ ಎಂಬ ಜಾಲದಲ್ಲಿ ಸ್ಟೀವ್ ಡಯರ್ ಎಂಬಾತ ಸಲಿಂಗಿಗಳ ಚರ್ಚೆಗೆಂದು ಒಂದು ವಿಭಾಗ ತೆರೆದ. ಅದರ ಹೆಸರು ‘ನೆಟ್ ಡಾಟ್ ಮಾಟ್ಸ್’. ‘ಅದೇ ಲಿಂಗದ ಸದಸ್ಯರು’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಅವು. ಜಾಲ ನೋಡಿಕೊಳ್ಳುವ ಮೇಲಧಿಕಾರಿಯ ಕಣ್ಣಿಗೆ ಬಿದ್ದರೂ ಇದೇನೋ ಯಂತ್ರದ ಬಿಡಿಭಾಗವಿರಬೇಕು ಎಂದುಕೊಳ್ಳುವಂಥ ಹೆಸರು. 1992ರಲ್ಲಿ ದಕ್ಷಿಣ ಏಷ್ಯಾದವರಿಗಾಗಿಯೇ ಒಂದು ಇಮೇಲ್ ಬಳಗ ಶುರುವಾಯಿತು. ‘ಖುಷ್’ ಅಂತ ಹೆಸರು. ಇಂಗ್ಲಿಷಿನ ಹಳೆಯ ‘ಗೇ’ ಪದಕ್ಕೆ ಖುಷಿ ಎಂದೇ ಅರ್ಥ. ಬಲ್ಲವನಿಗೆ ಅಷ್ಟು ಸಾಕು. ಎರಡು ವರ್ಷಕ್ಕೆ, 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಳಗ ‘ಗುಡ್ ಆ್ಯಸ್ ಯು’. ನಿಮ್ಮಷ್ಟೇ ಒಳ್ಳೆಯವರು ನಾವೂ ಎನ್ನುವ ಸಭ್ಯ ಮಾತು. ಇಂಗ್ಲಿಷಿನಲ್ಲಿ ಮೊದಲಕ್ಷರಗಳನ್ನು ಕೂಡಿಸಿ ನೋಡಿದವರಿಗೆ ಅದೇ ಪದ! ಪ್ರತಿ ಗುರುವಾರ ಸಂಜೆ ಸೇರುವುದು ಅದರ ಪದ್ಧತಿ.

ಹೆಸರನ್ನು ಹೀಗೆ ಮಡಿಸಿ ಇಡುವುದರಲ್ಲಿ ಅವರೆಲ್ಲ ನಿಸ್ಸೀಮರು. ಯಾಕೆಂದರೆ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ, 1860ರ ದಂಡ ಸಂಹಿತೆಯ 377ನೇ ಕಲಮು ಇಲ್ಲಿನವರ ತಲೆಯ ಮೇಲೆ ತೂಗುತ್ತಿತ್ತು. ಅದರ ಕೆಳಗೆ ಶಿಕ್ಷೆಯಾದದ್ದಕ್ಕಿಂತ ಸುಲಿಗೆಯಾದದ್ದೇ ಹೆಚ್ಚು. ಪಾರ್ಕಿನಲ್ಲಿ ಸಿಕ್ಕವನ ಪರ್ಸು ಬಿಚ್ಚಿಸಿ, ಮನೆಗೆ ಹೇಳುತ್ತೇನೆ ಅಂದರೆ ಸಾಕಿತ್ತು. ಕರ್ನಾಟಕದ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಹೊರತಂದ ವರದಿಯಲ್ಲಿ, 2003ರಲ್ಲಿ ತಂದ ಎರಡನೆಯ ವರದಿಯಲ್ಲಿ ಈ ಬಗೆಯ ಹಿಂಸೆ ದಾಖಲಾಗಿದೆ. ಅಂಥ ಕಾಲದಲ್ಲೇ, 1997ರಲ್ಲಿ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸಲಿಂಗಿಗಳ ಹಕ್ಕುಗಳ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಕರ್ನಾಟಕದ ಕ್ಯಾಂಪಸ್ಸೊಂದರಲ್ಲಿ ಈ ಮಾತು ಮೈಕಿನಲ್ಲಿ ಕೇಳಿದ್ದು ದೊಡ್ಡ ಸಂಗತಿಯೇ. ಕಾನೂನು ಓದುವವರು ಅದನ್ನು ಕಾನೂನಿನ ಪ್ರಶ್ನೆ ಮಾಡಿಕೊಂಡರು, ಆದ್ದರಿಂದ ಆಡಲು ಸಾಧ್ಯವಾಯಿತು ಎಂದು ನನ್ನ ಅಂದಾಜು.

ಬೆಂಗಳೂರಿನಲ್ಲಿ ಗುರುವಾರ ಒಂದು ಮನೆಯ ಮೆಟ್ಟಿಲು ಹತ್ತಿದರೆ ಯಾರೂ ಕೇಳುವುದಿಲ್ಲ. ಭದ್ರಾವತಿಯ ಮಾತು ಬೇರೆ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಗಿ ಬೆಳೆದ ಊರು ಅದು. ನ್ಯೂಟೌನ್, ಪೇಪರ್ ಟೌನ್ ಕ್ವಾರ್ಟರ್ಸುಗಳಲ್ಲಿ ಸಾಲುಸಾಲು ಮನೆ, ಒಂದೇ ಶಿಫ್ಟಿನ ಅಪ್ಪಂದಿರು. ಯಾರ ಮಗ ಎಂದು ಕೇಳದೆ ಅಲ್ಲಿ ಮಾತೇ ಶುರುವಾಗುವುದಿಲ್ಲ. ಕಾರ್ಖಾನೆಗಳ ಹೊಗೆ ಕಮ್ಮಿಯಾಗಿರಬಹುದು, ಆ ಪ್ರಶ್ನೆ ಕಮ್ಮಿಯಾಗಿಲ್ಲ. ಬಸ್ಸಿನ ಕಂಡಕ್ಟರಿಗೂ ಮುಖಪರಿಚಯ. ಇಂಥಲ್ಲಿ ಹೊಸ ಮುಖವಾಗುವುದು ಹೇಗೆ?

ಸೈಬರ್ ಕೆಫೆ ಬಂದಾಗ ಒಂದಿಷ್ಟು ದಿನ ಅದು ಸಾಧ್ಯವಾಯಿತು. ಶಿವಮೊಗ್ಗದ ದುರ್ಗಿಗುಡಿ, ನೆಹರು ರಸ್ತೆಗಳಲ್ಲಿ ಪ್ಲೈವುಡ್ಡಿನ ಗೂಡುಗಳಲ್ಲಿ ಕೂತು ಗಂಟೆಗಿಷ್ಟು ಅಂತ ಕೊಟ್ಟು ಇಮೇಲ್ ನೋಡಿದ ತಲೆಮಾರು ನಮ್ಮದು. ಭದ್ರಾವತಿಯವರು ಶಿವಮೊಗ್ಗಕ್ಕೆ ಬಂದು ನೋಡುತ್ತಿದ್ದರು, ಶಿವಮೊಗ್ಗದವರು ಬೆಂಗಳೂರಿಗೆ ಹೋದಾಗ ನೋಡುತ್ತಿದ್ದರು. ಗುಟ್ಟಿಗೆ ಯಾವಾಗಲೂ ಒಂದು ಊರು ಆಚೆ. ಅಲ್ಲಿಗೂ ಪಟ್ಟಿ ಹಿಂಬಾಲಿಸಿತು. ಕರ್ನಾಟಕ ಸರ್ಕಾರ 2004ರಲ್ಲೇ ಕೆಫೆಗೆ ಬರುವವರ ಗುರುತು ದಾಖಲಿಸಬೇಕೆಂದು ನಿಯಮ ಮಾಡಿತು. 2011ರ ಕೇಂದ್ರ ನಿಯಮ ಇನ್ನೂ ಮುಂದೆ ಹೋಗಿ, ಗೂಡಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಎಂದಿತು. ಭಯೋತ್ಪಾದಕರನ್ನು ಹಿಡಿಯಲು ಮಾಡಿದ ನಿಯಮ, ಸರಿ. ಹೆದರಿದ ಹುಡುಗನೊಬ್ಬನ ತಲೆಯೂ ಆ ಗೋಡೆಯ ಮೇಲೆ ಕಾಣತೊಡಗಿತು.

2004ರಲ್ಲಿ ಬಂದ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಪ್ರೊಫೈಲು. ಒಂದರಲ್ಲಿ ಮದುವೆ ಮನೆಯ ಫೋಟೊ, ಇನ್ನೊಂದರಲ್ಲಿ ಹೂವಿನದೋ ಸಿನಿಮಾ ನಟನದೋ ಚಿತ್ರ. ಯಾವ ಯಾವ ಬಳಗ ಸೇರಿದ್ದೀರಿ ಎಂದು ಪ್ರೊಫೈಲಿನಲ್ಲೇ ಕಾಣುತ್ತಿದ್ದುದರಿಂದ ಎರಡನೆಯದು ಬೇಕೇ ಬೇಕು. ಆಮೇಲೆ ನಿಮ್ಮ ಪುಟಕ್ಕೆ ಯಾರು ಬಂದುಹೋದರೆಂದು ತೋರಿಸುವ ಸೌಲಭ್ಯವನ್ನೂ ಆರ್ಕುಟ್‌ನವರು ಸೇರಿಸಿದರು. ಸುಮ್ಮನೆ ಇಣುಕಿದವನೂ ಸಿಕ್ಕಿಬಿದ್ದ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಎಲ್ಲರೂ ಫೇಸ್‌ಬುಕ್ಕಿನಲ್ಲಿದ್ದರು. ಅಲ್ಲಿ ನಿಜವಾದ ಹೆಸರನ್ನೇ ಬಳಸಬೇಕೆಂಬ ಹಠ.

ಫೇಸ್‌ಬುಕ್ಕಿನ ಕತೆ ಹೇಳಲೇಬೇಕು, ಯಾಕೆಂದರೆ ನಮ್ಮ ಹುಡುಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ. 2010ರಲ್ಲಿ ಅದು ಹೊಸ ಬಗೆಯ ಗುಂಪುಗಳನ್ನು ತಂದಿತು: ತೆರೆದದ್ದು, ಮುಚ್ಚಿದ್ದು, ಗುಪ್ತ. ಗೆಳೆಯನೊಬ್ಬ ನಿಮ್ಮನ್ನು ಕೇಳದೆಯೇ ಗುಂಪಿಗೆ ಸೇರಿಸಬಹುದಾಗಿತ್ತು. ಆಮೇಲೆ ಅಮೆರಿಕದ ಆಸ್ಟಿನ್ನಿನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಕ್ವಿಯರ್ ಕೋರಸ್ ಎಂಬ ಹಾಡುಗಾರರ ತಂಡಕ್ಕೆ ಇಬ್ಬರು ವಿದ್ಯಾರ್ಥಿಗಳು ಹೊಸದಾಗಿ ಸೇರಿದರು. ಇಬ್ಬರೂ ಮನೆಯವರಿಗೆ ಕಾಣದಂತೆ ತಮ್ಮ ಫೇಸ್‌ಬುಕ್ಕನ್ನು ಜಾಗ್ರತೆಯಾಗಿ ಹೊಂದಿಸಿಟ್ಟುಕೊಂಡಿದ್ದವರು. ತಂಡದ ಮುಖ್ಯಸ್ಥ ಪ್ರೀತಿಯಿಂದಲೇ ಅವರನ್ನು ತಂಡದ ಫೇಸ್‌ಬುಕ್ ಗುಂಪಿಗೆ ಸೇರಿಸಿದ. ಅದು ತೆರೆದ ಗುಂಪು. ‘ಇಂಥವರು ಕ್ವಿಯರ್ ಕೋರಸ್ ಸೇರಿದ್ದಾರೆ’ ಎಂಬ ಸೂಚನೆ ಅವರ ಗೆಳೆಯರ ಬಳಗಕ್ಕೆಲ್ಲ ತಾನಾಗಿ ಹೋಯಿತು. ಆ ಬಳಗದಲ್ಲಿ ಇಬ್ಬರ ಅಪ್ಪಂದಿರೂ ಇದ್ದರು. ಆ ರಾತ್ರಿಯ ಫೋನ್ ಕರೆಗಳ ಬಗ್ಗೆ 2012ರಲ್ಲಿ ಅಮೆರಿಕದ ದೊಡ್ಡ ಪತ್ರಿಕೆಗಳು ಬರೆದವು. ಕೆಟ್ಟವನು ಯಾರೂ ಇಲ್ಲದ ಕತೆ ಇದು, ಅದಕ್ಕೇ ಹೆದರಿಕೆ ಹುಟ್ಟಿಸುತ್ತದೆ.

ವಾಟ್ಸ್ಆ್ಯಪ್ ಇನ್ನೂ ಸಲೀಸು, ಇನ್ನೂ ಅಪಾಯ. ಗುಂಪಿನೊಳಗೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ನಂಬರಿಗೇನು, ಹೆಸರಿಲ್ಲವಲ್ಲ ಎಂದುಕೊಂಡರೆ, ಟ್ರೂಕಾಲರಿಗೆ ಹಾಕಿದ ತಕ್ಷಣ ಹೆಸರು ಬರುತ್ತದೆ. ಅದೂ ನೀವು ಇಟ್ಟುಕೊಂಡ ಹೆಸರಲ್ಲ, ಪಕ್ಕದ ಮನೆಯವರು ನಿಮ್ಮನ್ನು ತಮ್ಮ ಫೋನಿನಲ್ಲಿ ಯಾವ ಹೆಸರಿನಿಂದ ಉಳಿಸಿಕೊಂಡಿದ್ದಾರೋ ಅದು ಬಂದರೂ ಬಂತು. ಕೇಳದೆ ಗುಂಪಿಗೆ ಎಳೆದುಕೊಳ್ಳುವುದನ್ನು ತಡೆಯುವ ಆಯ್ಕೆ ಬಂದದ್ದು 2019ರಲ್ಲಿ. ಟೆಲಿಗ್ರಾಂನಲ್ಲಿ ನಂಬರ್ ಮರೆಮಾಡಬಹುದು. ಇನ್‌ಸ್ಟಾಗ್ರಾಂಗೆ ಬೇರೆ ಇಮೇಲ್ ಕೊಟ್ಟು, ಫೋನಿನ ಕಾಂಟ್ಯಾಕ್ಟುಗಳನ್ನು ಮುಟ್ಟಲು ಬಿಡದಿದ್ದರೆ, ಸೋದರಮಾವನಿಗೆ ‘ಇವರು ನಿಮಗೆ ಗೊತ್ತಿರಬಹುದು’ ಎಂದು ಅದು ನಿಮ್ಮನ್ನು ತೋರಿಸುವ ಸಾಧ್ಯತೆ ಕಮ್ಮಿ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಆ ಹುಡುಗನೇ. ನಾನು ಮೇಷ್ಟ್ರು, ಅವನು ಶಿಷ್ಯ ಎಂಬುದು ಆ ಹೊತ್ತಿಗೆ ಅದಲುಬದಲಾಗಿತ್ತು.

ಈ ನಡುವೆ ಕನ್ನಡದಲ್ಲೇ ಒಂದು ಬಾಗಿಲು ತೆರೆದಿತ್ತು. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಸಂಡೂರಿನವರು, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದವರು. ಅಷ್ಟರಲ್ಲಾಗಲೇ ಮನೆಮನೆಯ ಲೇಖಕ. ಅಂಥವರು ತಾವು ಸಲಿಂಗಿ ಎಂದು ಹೇಳಿಕೊಂಡು ಬರೆದ ಕತೆಗಳು ಅವು. ಮೊದಲ ಕತೆಯನ್ನು ಅವರು ಪತ್ರಿಕೆಗೆ ಕೊಟ್ಟದ್ದು ಕಾವ್ಯನಾಮದಲ್ಲಿ. ಕೊಲಂಬಿಯಾದ ಹುಡುಗನ ಹಾಗೆ ಇವರಿಗೂ ಮೊದಲು ಒಂದು ಮರೆಹೆಸರು ಬೇಕಾಯಿತು, ಆಮೇಲೆ ಸ್ವಂತ ಹೆಸರಿನ ಮುಖಪುಟ. ಪುಸ್ತಕ ಬಂದ ಮೇಲೆ ಸಣ್ಣಪುಟ್ಟ ಊರುಗಳಿಂದ ತಮ್ಮನ್ನು ಹುಡುಕಿಕೊಂಡು ಕರೆ ಮಾಡಿದವರ ಬಗ್ಗೆ ಅವರು ಹೇಳಿಕೊಂಡಿದ್ದಾರೆ. ನಮ್ಮ ಹುಡುಗ ಅದನ್ನು ಓದಿದ್ದ. ಲೈಬ್ರರಿಯಿಂದ ತನ್ನ ಕಾರ್ಡಿಗೆ ಹಾಕಿಸಿಕೊಂಡು ಒಯ್ದಿರಲಿಲ್ಲ, ಅಲ್ಲೇ ಕೂತು ಮೂರು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದ್ದ. ಲೈಬ್ರರಿ ರಿಜಿಸ್ಟರೂ ಒಂದು ಪಟ್ಟಿಯೇ ತಾನೆ.

ಕಾನೂನು ಹಾವುಏಣಿ ಆಡಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ರ ಹಲ್ಲು ಕಿತ್ತಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ಹಲ್ಲನ್ನು ಮತ್ತೆ ಕಟ್ಟಿಕೊಟ್ಟಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಮತ್ತೆ ಕಿತ್ತಿತು. ಈ ಕೊನೆಯ ಸುತ್ತಿನಲ್ಲಿ ನನ್ನ ಕಣ್ಣು ನಿಂತದ್ದು ಒಂದು ಅರ್ಜಿಯ ಮೇಲೆ. ಬೇರೆ ಬೇರೆ ಐಐಟಿಗಳಲ್ಲಿ ಓದಿದ, ಓದುತ್ತಿದ್ದ ಜನ ಆನ್‌ಲೈನಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ‘ಪ್ರವೃತ್ತಿ’ ಎಂಬ ಬಳಗ ಮಾಡಿಕೊಂಡಿದ್ದರು. ಬಾಂಬೆ ಐಐಟಿಯಲ್ಲಿ ‘ಸಾಥಿ’, ದೆಹಲಿಯಲ್ಲಿ ‘ಇಂದ್ರಧನು’ ಎಂಬ ವಿದ್ಯಾರ್ಥಿ ಗುಂಪುಗಳು ಆಗಲೇ ಇದ್ದವು. 2018ರ ಮೇ ತಿಂಗಳಲ್ಲಿ ಆ ‘ಪ್ರವೃತ್ತಿ’ಯ 20 ಮಂದಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಹೆಸರು, ಸಹಿ, ವಿಳಾಸದೊಂದಿಗೆ. ಅರ್ಜಿ ಹಾಕಿದ ದಿನ ಕಾನೂನಿನ ಕಣ್ಣಿನಲ್ಲಿ ಅವರು ಇನ್ನೂ ಅಪರಾಧಿಗಳು. ಕೊಲಂಬಿಯಾದಿಂದ ಈಚೆಗೆ 51 ವರ್ಷ ಎಲ್ಲರೂ ತಪ್ಪಿಸಿಕೊಂಡು ಓಡಿದ ಪಟ್ಟಿಯನ್ನು ಇವರು ತಾವೇ ಬರೆದು ನ್ಯಾಯಾಧೀಶರ ಮುಂದಿಟ್ಟರು.

ಐಐಟಿ ಎಂದರೆ ಕೆಲಸ ಖಾತ್ರಿ, ಇಂಗ್ಲಿಷ್ ಖಾತ್ರಿ. ಅಲ್ಲಿಯವರಿಗೆ ಸಹಿ ಹಾಕುವ ಧೈರ್ಯ ಎಲ್ಲಿಂದ ಬಂತು ಎಂದು ಊಹಿಸಬಹುದು. ಶಿವಮೊಗ್ಗದ ಬಿ.ಎ., ಬಿ.ಕಾಂ. ತರಗತಿಗಳಲ್ಲಿ, ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಬಸ್ಸುಗಳಲ್ಲಿ ಓಡಾಡುವವರ ಕೈಯಲ್ಲಿ ಅಂಥ ಖಾತ್ರಿ ಯಾವುದೂ ಇಲ್ಲ. ಆದರೂ ಒಂದು ಕಾಗದ ಇದೆ. ಯುಜಿಸಿ ತನ್ನ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಲೈಂಗಿಕ ಒಲವಿನ ಕಾರಣಕ್ಕೆ ಅಥವಾ ಲಿಂಗತ್ವ ಅಲ್ಪಸಂಖ್ಯಾತರೆಂಬ ಕಾರಣಕ್ಕೆ ಸಹಪಾಠಿಯನ್ನು ಹೀಯಾಳಿಸುವುದು, ದೂರವಿಡುವುದು ರ‍್ಯಾಗಿಂಗ್ ಎಂದೇ ಬರೆದಿದೆ. ಕಾಲೇಜುಗಳ ರ‍್ಯಾಗಿಂಗ್ ವಿರೋಧಿ ಫಲಕಗಳಲ್ಲಿ ಈ ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ. ಪ್ರಿಂಟ್ ತೆಗೆದು ಅವನಿಗೆ ಕೊಟ್ಟೆ.

ಅವನು ಮಾಡಿದ್ದು ಸಣ್ಣ ಕೆಲಸ. ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ, ಮುಖದ ಫೋಟೊ ಇಲ್ಲ. ಕೆಳಗೊಂದು ಗೂಗಲ್ ಫಾರಂ. ಇಮೇಲ್ ಕೇಳುವ ಆಯ್ಕೆಯನ್ನು ಆಫ್ ಮಾಡಿಟ್ಟಿದ್ದ. ಉತ್ತರ ಬರೆದವರು ಒಬ್ಬರನ್ನೊಬ್ಬರು ನೋಡಲಾರರು. ಕಾಲೇಜಿನ ಹೆಸರು ಹಾಕಬೇಡ ಅಂದಿದ್ದೆ, ಹಾಕಿರಲಿಲ್ಲ. ಮೊದಲ ಭೇಟಿ ಯಾವಾಗಲೂ ಹಗಲಲ್ಲಿ, ಜನ ಓಡಾಡುವ ಕಡೆ. ಡೇಟಿಂಗ್ ಆ್ಯಪಿನಲ್ಲಿ ಕರೆಸಿಕೊಂಡು, ಫೋಟೊ ತೆಗೆದು ದುಡ್ಡು ಕೀಳುವವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಪುಟಕ್ಕೆ ಹೆಸರಿಡಲು ಎರಡು ದಿನ ಒದ್ದಾಡಿದ. ‘ಸಲಿಂಗಕಾಮಿ’ ಅವನಿಗೆ ಬೇಡ. ‘ಅದ್ರಲ್ಲಿ ಕಾಮ ಒಂದೇ ಇದೆ ಸರ್, ನಾವು ಊಟಾನೂ ಮಾಡ್ತೀವಿ’ ಅಂದ. ಕೊನೆಗೆ ಆರಿಸಿದ ಹೆಸರಿನಲ್ಲಿ ಕಾಮನಬಿಲ್ಲು ಇತ್ತು. 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗಿಲ್ಬರ್ಟ್ ಬೇಕರ್ ಹೊಲಿದ ಬಾವುಟದಿಂದ ಆ ಬಣ್ಣಗಳು ಇವರ ಗುರುತಾಗಿವೆ. ಹಿಂದಿಯವರಿಗೆ ಅದು ಇಂದ್ರನ ಬಿಲ್ಲು. ಕನ್ನಡಕ್ಕೋ ಮಳೆಬಿಲ್ಲನ್ನು ಕಾಮನ ಕೈಗೆ ಕೊಡಬೇಕೆಂದು ಯಾವ ಕಾಲದಲ್ಲೋ ಹೊಳೆದಿತ್ತು. ಕಾಮವೊಂದೇ ಆಯಿತು ಅಂತ ಬಿಟ್ಟವನು ಕಾಮನ ಹತ್ತಿರವೇ ಬಂದೆಯಲ್ಲೋ ಅಂದೆ. ಅವನಿಗೆ ಆಗ ಗೊತ್ತಾಗಿ ಜೋರಾಗಿ ನಕ್ಕ.

ಮೊದಲ ವಾರ ಇಬ್ಬರು ಬರೆದಿದ್ದರು. ಒಬ್ಬ ಬೈದಿದ್ದ. ಇನ್ನೊಬ್ಬರದು ಒಂದೇ ಸಾಲು: ‘ನೀವು ನಿಜವಾಗಿ ಇದೀರಾ?’

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಹಳೆಯ ಫಾರಂ ತಂದ. ಮಡಿಕೆಗಳಲ್ಲಿ ಹರಿಯುವಂತಾಗಿತ್ತು. ಕೊಲಂಬಿಯಾದ ಉಪಾಯವನ್ನು ನಾನು ಹೇಳಿದ್ದು ಅವನ ತಲೆಯಲ್ಲಿ ಉಳಿದಿತ್ತು. ಎನ್‌ಎಸ್‌ಎಸ್‌ನ ಇಬ್ಬರು, ಕ್ವಿಜ್ ಕ್ಲಬ್ಬಿನ ಒಬ್ಬಳು ಹೆಸರು ಕೊಡುತ್ತಾರಂತೆ. ಅವರಿಗೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ಒಪ್ಪಿದ್ದಾರೆ. ಸಿಬ್ಬಂದಿಯ ಕಡೆಯಿಂದಲೂ ಒಂದು ಹೆಸರು ಬೇಕು, ಹಾಕುತ್ತೀರಾ ಅಂದ. ನಾನು ಪೆನ್ನು ತೆಗೆದು ಮೊದಲ ಗೆರೆಯ ಮೇಲೆ ಇಟ್ಟೆ.

‘ಅದ್ ಬೇಡ ಸರ್’ ಅಂದ. ‘ನೀವು ಎರಡನೇದ್ರಲ್ಲಿ ಬರೀರಿ. ಅದು ಖಾಲಿ ಇರ್ಲಿ.’